ಕೆಲಸದ ಮಾತು: ಸಂಜೆ ಐದರ ಮೇಲಿನ ಪಿಗ್ಮಿ ಲೆಕ್ಕ ಯಾರದ್ದು?

ಪ್ರಶ್ನೆ: ನಾನು ಒಂದು ಪತ್ತಿನ ಸಹಕಾರಿ ಸಂಘದಲ್ಲಿ ಆರು ವರ್ಷದಿಂದ ಕ್ಲರ್ಕ್. ಈಗ ಆಡಳಿತ ಮಂಡಳಿಯವರು ಹೊರಗಿನವರೊಬ್ಬರನ್ನು ಕರೆಸಿ ಎಲ್ಲರಿಗೂ ಒಂದು ಫಾರಂ ಕೊಡಿಸಿದ್ದಾರೆ. ಬೆಳಗ್ಗೆಯಿಂದ ಸಂಜೆವರೆಗೆ ಏನೇನು ಮಾಡುತ್ತೀರಿ ಬರೆಯಿರಿ ಅಂತ. ಇದೆಲ್ಲ ಆಳು ಕಡಿಮೆ ಮಾಡೋಕೆ ಅಂತ ಆಫೀಸಲ್ಲಿ ಗುಸುಗುಸು. ಸ್ವಲ್ಪ ಜಾಸ್ತಿನೇ ಬರೆದುಬಿಡಲಾ?
— ಓದುಗರೊಬ್ಬರು, ಹಾವೇರಿ

ಉತ್ತರ: ಬೇಡ. ಆಳು ಕಡಿಮೆ ಮಾಡಬೇಕು ಅಂದುಕೊಂಡವರು ಫಾರಂ ಕೊಡದೆಯೂ ಮಾಡುತ್ತಾರೆ, ಹಾಗಾಗಿ ಫಾರಂ ಮೇಲೆ ಸಿಟ್ಟು ಬೇಡ. ಇದನ್ನು ಜಾಬ್ ಅನಾಲಿಸಿಸ್ ಅಂತಾರೆ. ಆ ಕುರ್ಚಿಯಲ್ಲಿ ಯಾರು ಕೂತರೂ ಏನೇನು ಮಾಡಬೇಕು, ಅದಕ್ಕೆ ಏನು ಗೊತ್ತಿರಬೇಕು, ಎಷ್ಟು ಹೊತ್ತು ಹಿಡಿಯುತ್ತದೆ ಅನ್ನೋದಷ್ಟೇ ಅದರ ಲೆಕ್ಕ. ನೀವು ಚುರುಕಾ, ಸೋಮಾರಿನಾ ಅನ್ನೋದು ಅದರಲ್ಲಿ ಬರಬಾರದು. (ಎರಡನ್ನೂ ಕಲಸಿ ಕೇಳುವ ಫಾರಂಗಳೂ ಇವೆ. ಅವನ್ನು ತಯಾರಿಸಿದವರಿಗೆ ದೊಡ್ಡ ನಮಸ್ಕಾರ.)

ಜಾಸ್ತಿ ಬರೆದರೆ ಸಿಕ್ಕಿಬೀಳುತ್ತೀರಿ. ಎಲ್ಲ ಕೂಡಿಸಿ ನೋಡಿದಾಗ ದಿನಕ್ಕೆ ಹದಿಮೂರು ಗಂಟೆ ಬಂದರೆ ಯಾರಿಗೂ ಅನುಮಾನ ಬರುತ್ತದೆ, ಮೇಲಾಗಿ ಪಕ್ಕದ ಟೇಬಲಿನವರೂ ಅದೇ ಲೆಡ್ಜರನ್ನು ತಾವೇ ಬರೆಯೋದು ಅಂತ ಹಾಕಿರುತ್ತಾರೆ. ಆದರೆ ನಾನು ನೋಡಿದ ಹಾಗೆ ಜನ ತಪ್ಪು ಮಾಡೋದು ಇದಕ್ಕೆ ಉಲ್ಟಾ. ದಿನಾ ಮಾಡುವ ಕೆಲಸವನ್ನೇ ಬರೆಯೋಕೆ ಮರೆಯುತ್ತಾರೆ.

ನಿಮ್ಮಲ್ಲಿ ಪಿಗ್ಮಿ, ಅಂದರೆ ದಿನಾ ಚೂರು ಚೂರು ಕಟ್ಟುವ ಉಳಿತಾಯ, ಇದ್ದೇ ಇರುತ್ತೆ ಅಲ್ವಾ? ಸಂಜೆ ಐದರ ಮೇಲೆ ಏಜೆಂಟರು ಬ್ಯಾಗು, ಮೆಷಿನ್ ಹಿಡಿದು ಒಬ್ಬೊಬ್ಬರಾಗಿ ಬರುತ್ತಾರೆ. ರಬ್ಬರ್ ಬ್ಯಾಂಡ್ ಹಾಕಿದ ಹತ್ತರ ನೋಟಿನ ಸುರುಳಿ ಬಿಚ್ಚಬೇಕು, ಎಣಿಸಬೇಕು, ಮೆಷಿನ್ ತೋರಿಸುವ ಮೊತ್ತಕ್ಕೆ ನಲವತ್ತು ರೂಪಾಯಿ ಕಮ್ಮಿ ಬಂದರೆ ಯಾವುದೋ ಬೀಡಾ ಅಂಗಡಿಗೆ ಫೋನ್ ಮಾಡಿ ಇವತ್ತು ಕಟ್ಟಿದ್ದೀರಾ ಅಂತ ಕೇಳಬೇಕು. ಮುಕ್ಕಾಲು ಗಂಟೆ ಹೋಯಿತು. ಅದು ಯಾರ ಕೆಲಸದ ಪಟ್ಟಿಯಲ್ಲಿದೆ ಹೇಳಿ? 1928ರಲ್ಲಿ ಉಡುಪಿಯಲ್ಲಿ, ಮುಂದೆ ಸಿಂಡಿಕೇಟ್ ಬ್ಯಾಂಕ್ ಅಂತ ಹೆಸರಾದ ಸಂಸ್ಥೆ ಮನೆ ಬಾಗಿಲಿಗೇ ಹೋಗಿ ದಿನಕ್ಕೆ ಎರಡಾಣೆಯಿಂದ ಪಿಗ್ಮಿ ಕಟ್ಟಿಸಿಕೊಳ್ಳೋಕೆ ಶುರು ಮಾಡಿದಾಗ ಹೊಸದೊಂದು ಕೆಲಸವೇ ಹುಟ್ಟಿತು. ಬೀದಿ ಸುತ್ತುವವರಿಗೆ ಏಜೆಂಟ್ ಅನ್ನೋ ಹೆಸರೂ ಸಿಕ್ಕಿತು, ಕಮಿಷನ್ನೂ ಸಿಕ್ಕಿತು. ಅದರ ಬಾಲ ಹಿಡಿದು ಆಫೀಸಿನೊಳಗೆ ಬಂದ ಈ ಸಂಜೆ ಲೆಕ್ಕಕ್ಕೆ ಎಷ್ಟೋ ಕಡೆ ಇವತ್ತಿಗೂ ಹೆಸರೇ ಇಲ್ಲ.

ಅದಕ್ಕೇ ಹೇಳೋದು, ನೆನಪಿನಿಂದ ಬರೆಯಬೇಡಿ. ಎರಡು ವಾರ ಒಂದು ನೋಟ್‌ಬುಕ್ ಇಟ್ಟುಕೊಂಡು ಗಂಟೆಗೊಮ್ಮೆ ಗೀಚಿಡಿ. 'ಸಾಲ ವಿಭಾಗ ನೋಡಿಕೊಳ್ಳುತ್ತೇನೆ' ಅಂದರೆ ಏನೂ ಹೇಳಿದ ಹಾಗಾಗಲ್ಲ. 'ಚಿನ್ನದ ಸಾಲದ ಅರ್ಜಿ ಬಂದರೆ ತೂಕದ ಚೀಟಿ, ಆಧಾರ್ ನೋಡಿ ವೋಚರ್ ಬರೆಯುತ್ತೇನೆ, ದಿನಕ್ಕೆ ಎಂಟು-ಹತ್ತು' ಅಂತ ಬರೆಯಿರಿ. ಮಾರ್ಚ್ ತಿಂಗಳು, ಆಡಿಟ್, ಮಹಾಸಭೆಯ ಓಡಾಟ ಎರಡು ವಾರದಲ್ಲಿ ಸಿಗಲ್ಲ, ಅವನ್ನು ಬೇರೆ ಹಾಕಿ. ಒಂದು ನಕಲು ನಿಮ್ಮ ಹತ್ತಿರ ಇರಲಿ. ಆ ಹೊರಗಿನವರನ್ನು ಒಂದು ದಿನ ಶಟರ್ ಎಳೆಯುವವರೆಗೂ ನಿಮ್ಮ ಟೇಬಲ್ ಪಕ್ಕ ಕೂರೋಕೆ ಹೇಳಿ. ಮಧ್ಯಾಹ್ನ ಮೂರಕ್ಕೇ ಎದ್ದು ಹೋದರೆ ಅವರ ವರದಿಯಲ್ಲಿ ಪಿಗ್ಮಿ ಇರಲ್ಲ.

ಪ್ರಶ್ನೆ: ಗಾರ್ಮೆಂಟ್ಸ್‌ನಲ್ಲಿ ಲೈನ್ ಸೂಪರ್‌ವೈಸರ್ ಆಗಿದ್ದೇನೆ. ಕಾಲರ್ ಹೊಲಿಯುವವರು ವರ್ಷಾನುಗಟ್ಟಲೆ ಕಾಲರೇ. ಬೇಜಾರು, ರಜೆ ಜಾಸ್ತಿ. ಎಚ್‌ಆರ್‌ನವರು ಆಪರೇಷನ್ (ಒಬ್ಬೊಬ್ಬರು ಹೊಲಿಯುವ ಭಾಗ) ಬದಲಾಯಿಸುತ್ತಾ ಇರಿ ಅಂದರು. ಬದಲಾಯಿಸಿದರೆ ಟೈಲರ್‌ಗಳೇ ಜಗಳಕ್ಕೆ ಬಂದರಲ್ಲ ಸಾರ್!
— ಓದುಗರೊಬ್ಬರು, ದೊಡ್ಡಬಳ್ಳಾಪುರ

ಉತ್ತರ: ಜಾಗ ಬದಲಾಯಿಸಿದ್ರಿ, ಟಾರ್ಗೆಟ್ ಬದಲಾಯಿಸಿದ್ರಾ? ಒಂದು ಪೀಸ್‌ಗೆ 0.6 ನಿಮಿಷ ಅಂತ ಎಸ್‌ಎಎಂ (ಆ ಕೆಲಸಕ್ಕೆ ಗೊತ್ತುಮಾಡಿದ ಸಮಯ) ಇದ್ದರೆ ಗಂಟೆಗೆ 100 ಪೀಸ್ ಅಂತ ಬೋರ್ಡ್ ಮೇಲೆ ಬರೆಯುತ್ತೀರಿ. ಅದು ಕೈ ಪಳಗಿದವರ ಲೆಕ್ಕ. ಕಾಲರ್ ಪಳಗಿದ ಕೈಗೆ ಕಫ್ ಕೊಟ್ಟು ಮೊದಲ ಗಂಟೆಯಿಂದಲೇ ನೂರು ಕೇಳಿದರೆ ಎಲ್ಲರೆದುರು ಬೈಸಿಕೊಳ್ಳೋದು ಆ ಹೆಣ್ಣುಮಗಳು.

ಬೇಜಾರು ಹೊಸ ಕಥೆ ಏನಲ್ಲ. 1913ರಲ್ಲಿ ಫೋರ್ಡ್ ಹೈಲ್ಯಾಂಡ್ ಪಾರ್ಕ್ ಕಾರ್ಖಾನೆಯಲ್ಲಿ ಚಲಿಸುವ ಲೈನ್ ತಂದಾಗ ಹನ್ನೆರಡು ಗಂಟೆಗೂ ಮೇಲೆ ಹಿಡಿಯುತ್ತಿದ್ದ ಕಾರಿನ ಚಾಸಿ ಜೋಡಣೆ ಮುಂದಿನ ವರ್ಷ ಒಂದೂವರೆ ಗಂಟೆಗೆ ಇಳಿಯಿತು. ಕೆಲಸ ಬಿಟ್ಟು ಹೋಗುವವರ ಸಾಲೂ ಬೆಳೆಯಿತು. 1914ರ ಜನವರಿಯಲ್ಲಿ ದಿನಕ್ಕೆ 5 ಡಾಲರ್ ಅಂತ ಘೋಷಿಸಬೇಕಾಯಿತು. ಕೆಲಸ ಮಾತ್ರ ಅದೇ ಉಳಿಯಿತು. ಕೆಲಸದ ಒಳಗೇ ಏನು ಬದಲಾಗಬೇಕು ಅಂತ 1970ರ ದಶಕದಲ್ಲಿ ಹ್ಯಾಕ್‌ಮನ್, ಓಲ್ಡ್‌ಹ್ಯಾಮ್ ಅನ್ನೋ ಇಬ್ಬರು ಅಮೆರಿಕನ್ನರು ಹೇಳಿದರು: ಕೈಗೆ ಬೇರೆ ಬೇರೆ ಕೆಲಸ ಬೇಕು ನಿಜ, ಜೊತೆಗೆ ಮಾಡಿದ್ದು ಒಂದು ಪೂರ್ತಿ ವಸ್ತುವಾಗಿ ಕಾಣಬೇಕು, ಯಾರಿಗೋ ಉಪಯೋಗ ಅಂತ ಅನಿಸಬೇಕು, ಸ್ವಲ್ಪ ತಮ್ಮದೇ ತೀರ್ಮಾನ ಇರಬೇಕು, ಸರಿಯಾಯಿತೋ ಇಲ್ಲವೋ ಕೆಲಸದಿಂದಲೇ ಗೊತ್ತಾಗಬೇಕು. ನಿಮ್ಮ ಎಚ್‌ಆರ್‌ನವರು ಮೊದಲನೆಯದನ್ನು ಓದಿ ಪುಸ್ತಕ ಮುಚ್ಚಿದ್ದಾರೆ.

ಇಷ್ಟ ಇದ್ದವರನ್ನು ಕೇಳಿ ಬದಲಾಯಿಸಿ. ಮೊದಲ ವಾರ ಅರ್ಧ ಟಾರ್ಗೆಟ್ ಇರಲಿ. ಆಲ್ಟರ್ ಬಂದ, ಅಂದರೆ ತಪ್ಪಿದೆ ಅಂತ ವಾಪಸ್ ಬಂದ ಕಾಲರನ್ನು ಕಿರುಚದೆ ಅವರ ಕೈಗೇ ಕೊಟ್ಟು ಎಲ್ಲಿ ತಪ್ಪಿತು ನೋಡೋಕೆ ಬಿಡಿ. ಮೂರು ಆಪರೇಷನ್ ಕಲಿತವರಿಗೆ ಗ್ರೇಡ್ ಏರಿಸಿ, ಇಲ್ಲದಿದ್ದರೆ ಅದು ರೊಟ್ಟಿ ತಟ್ಟುವವರಿಗೆ ಪಲ್ಯದ ಬಾಣಲೆಯನ್ನೂ ಹಿಡಿಸಿದ ಹಾಗೆ. ಅಂದ ಹಾಗೆ, ರಜೆ ಹಾಕೋದು ಬೇಜಾರಿಗೇ ಅಂತ ಯಾರು ಹೇಳಿದ್ದು? ಒಮ್ಮೆ ಕೇಳಿ ನೋಡಿ. ಬೆಳಗ್ಗೆ ಬಸ್ಸು ತಪ್ಪುತ್ತಿರಲೂಬಹುದು.

ಪ್ರಶ್ನೆ: ನನ್ನ ಕೆಲಸದ ಪಟ್ಟಿಯ ಕೊನೇ ಸಾಲು 'ಮೇಲಿನವರು ಹೇಳುವ ಇತರೆ ಕೆಲಸಗಳು'. ಅದರ ಹೆಸರಲ್ಲಿ ಬಾಸ್ ತಮ್ಮ ಮಗಳ ಸ್ಕೂಲ್ ಪ್ರಾಜೆಕ್ಟನ್ನೂ ಟೈಪ್ ಮಾಡಿಸುತ್ತಾರೆ!
— ಓದುಗರೊಬ್ಬರು, ಬೆಂಗಳೂರು

ಉತ್ತರ: ಆ ಸಾಲು ತೆಗೆಸೋಕೆ ಹೋಗಬೇಡಿ, ಯಾರೂ ತೆಗೆಯಲ್ಲ. ಮೂರು ತಿಂಗಳು ಪ್ರತಿ 'ಇತರೆ'ಯನ್ನೂ ದಿನಾಂಕ ಹಾಕಿ ಬರೆದಿಡಿ. ಪದೇ ಪದೇ ಬರುವುದನ್ನು ಪಟ್ಟಿಗೆ ಸೇರಿಸಿ ಅಂತ ಅಪ್ರೈಸಲ್ ದಿನ ಕೇಳಿ. ಮಗಳ ಪ್ರಾಜೆಕ್ಟನ್ನೂ ಬಿಡಬೇಡಿ, ಯಾವ ಪಾಠ, ಎಷ್ಟು ಪುಟ ಅಂತ ಸಮೇತ. ಅದನ್ನು ಫೈಲಿಗೆ ಹಾಕಬೇಡಿ ಅಂತ ಅವರೇ ಹೇಳುತ್ತಾರೆ.