ಕಂಕುಳ ಗ್ರಂಥಿ ತೆಗೆದರೆ ರೋಗ ತಡೆಯುವ ಶಕ್ತಿಯೇ ಹೋಗುತ್ತದಾ?

ಓದುಗರ ಪ್ರಶ್ನೆ, ವೈದ್ಯರ ಉತ್ತರ

ಪ್ರಶ್ನೆ: ಅಮ್ಮನಿಗೆ 52 ವರ್ಷ. ಆಲ್ದೂರಿನ ಹತ್ತಿರ ಕಾಫಿ ತೋಟದಲ್ಲಿ ಕೆಲಸ ಮಾಡುತ್ತಿದ್ದರು. ಬಲ ಸ್ತನದ ಕ್ಯಾನ್ಸರ್‌ಗೆ ಆಪರೇಷನ್ ಆಗಿ ಈಗ ಕೀಮೋ ನಡೆಯುತ್ತಿದೆ. ಕಂಕುಳಿನ ಗ್ರಂಥಿಗಳನ್ನೂ ತೆಗೆದಿದ್ದಾರೆ. ರಿಪೋರ್ಟಿನಲ್ಲಿ 4/16 ಎಂದಿದೆ. ಗ್ರಂಥಿ ತೆಗೆದ ಮೇಲೆ ಮೈಯಲ್ಲಿ ಶಕ್ತಿಯೇ ಇರಲ್ಲ ಅಂತ ನೆಂಟರು ಹೆದರಿಸುತ್ತಾರೆ. ದಿನಾ ಅಮೃತಬಳ್ಳಿ ಕಷಾಯ ಕೊಡುತ್ತಿದ್ದೇವೆ. ಅಮ್ಮ ಮತ್ತೆ ತೋಟಕ್ಕೆ ಹೋಗಬಹುದಾ? ರೋಗ ನಿರೋಧಕ ಶಕ್ತಿ ಕಡಿಮೆ ಇದ್ದಿದ್ದಕ್ಕೇ ಕ್ಯಾನ್ಸರ್ ಬಂತಾ?
– ಓದುಗರು, ಚಿಕ್ಕಮಗಳೂರು ಜಿಲ್ಲೆ

ಉತ್ತರ: ಕೊನೆಯ ಪ್ರಶ್ನೆಯನ್ನೇ ಮೊದಲು ತೆಗೆದುಕೊಳ್ಳುತ್ತೇನೆ. ಹಾಸನದ ನನ್ನ ಕ್ಲಿನಿಕ್ಕಿಗೆ ಬರುವ ಹೆಂಗಸರನ್ನು ಕಾಯಿಲೆಗಿಂತ ಜಾಸ್ತಿ ಕೊರೆಯುವುದು ಈ ಮಾತೇ. ಹೊತ್ತಿಗೆ ಸರಿಯಾಗಿ ಉಣ್ಣಲಿಲ್ಲ, ಮೈ ನೋಡಿಕೊಳ್ಳಲಿಲ್ಲ, ಅದಕ್ಕೇ ಬಂತು ಅಂತ ಮನೆಯವರು ಅಂದುಬಿಡುತ್ತಾರೆ. ದಯವಿಟ್ಟು ಅಮ್ಮನ ಮುಂದೆ ಯಾರೂ ಹಾಗೆ ಹೇಳದಂತೆ ನೋಡಿಕೊಳ್ಳಿ. ಅದು ನಿಜವೂ ಅಲ್ಲ.

ಸ್ತನದಿಂದ ಹೊರಡುವ ದುಗ್ಧರಸ (ಜೀವಕೋಶಗಳ ನಡುವಿಂದ ಸೋಸಿ ಬರುವ ತಿಳಿ ದ್ರವ, ಲಿಂಫ್) ಬಹುಪಾಲು ಕಂಕುಳಿನ ಗ್ರಂಥಿಗಳಿಗೇ ಹೋಗುತ್ತದೆ. ಗಾಯವೋ ಸೋಂಕೋ ಆದಾಗ ಕೆಲವು ಜೀವಕೋಶಗಳು ಆ ಹೊರಗಿನ ವಸ್ತುವಿನ ಚೂರನ್ನು ಗ್ರಂಥಿಗೆ ಹೊತ್ತು ತಂದು ಅಲ್ಲಿರುವ ಟಿ ಕೋಶಗಳಿಗೆ (ರೋಗದ ವಿರುದ್ಧ ಹೋರಾಡುವ ಒಂದು ಬಗೆಯ ಬಿಳಿ ರಕ್ತಕಣ) ತೋರಿಸುತ್ತವೆ. ಅದನ್ನು ಗುರುತಿಸಿದ ಕೋಶಗಳು ಅಲ್ಲೇ ಬೆಳೆದು ಹೆಚ್ಚಾಗಿ ಹೋರಾಟಕ್ಕೆ ಹೊರಡುತ್ತವೆ. ಕ್ಯಾನ್ಸರ್ ಕೋಶ ಬರುವುದೂ ಇದೇ ದಾರಿಯಲ್ಲಿ. ತೊಂದರೆ ಏನೆಂದರೆ ಅದು ಹೊರಗಿನದ್ದಲ್ಲ. ನಮ್ಮದೇ ಮೈಯ ಕೋಶ, ಕೆಟ್ಟು ಹೋಗಿದೆ ಅಷ್ಟೆ. ಎಷ್ಟೋ ಸಲ ಅದು ತನ್ನ ಮೈಮೇಲೆ ಪಿಡಿ-ಎಲ್1 ಎಂಬ ಪ್ರೋಟೀನ್ ಇಟ್ಟುಕೊಂಡು, ಹತ್ತಿರ ಬಂದ ಟಿ ಕೋಶಕ್ಕೆ ಸುಮ್ಮನಿರು ಎಂಬ ಸೂಚನೆ ಕೊಡುತ್ತದೆ. ಚೆನ್ನಾಗಿ ಉಂಡು, ಗಟ್ಟಿಮುಟ್ಟಾಗಿದ್ದವರ ಮೈಯಲ್ಲೂ ಹೀಗಾಗುತ್ತದೆ.

4/16 ಅಂದರೆ 16 ಗ್ರಂಥಿ ಪರೀಕ್ಷಿಸಿದ್ದಾರೆ, ನಾಲ್ಕರಲ್ಲಿ ಕ್ಯಾನ್ಸರ್ ಇತ್ತು ಎಂದು. ಒಂದರಿಂದ ಮೂರು ಒಂದು ಗುಂಪು, ನಾಲ್ಕರಿಂದ ಒಂಬತ್ತು ಇನ್ನೊಂದು, ಹತ್ತು ಅಥವಾ ಅದಕ್ಕಿಂತ ಹೆಚ್ಚಾದರೆ ಮತ್ತೊಂದು. ಅಮ್ಮ ಎರಡನೆಯ ಗುಂಪಿನಲ್ಲಿದ್ದಾರೆ. ಹಗುರವಾಗಿ ತೆಗೆದುಕೊಳ್ಳುವ ಸಂಖ್ಯೆ ಅಲ್ಲ, ಅದಕ್ಕೇ ಕೀಮೋ ಕೊಡುತ್ತಿದ್ದಾರೆ. ಸಾಮಾನ್ಯವಾಗಿ ಆಮೇಲೆ ರೇಡಿಯೇಷನ್ ಕೂಡ ಇರುತ್ತದೆ. ಆದರೆ ಈ ಸಂಖ್ಯೆಯೊಂದನ್ನೇ ಹಿಡಿದು ಭವಿಷ್ಯ ಹೇಳಲಾಗದು. ಅದೇ ರಿಪೋರ್ಟಿನಲ್ಲಿ ಇಆರ್, ಪಿಆರ್ (ಕ್ಯಾನ್ಸರ್ ಕೋಶದಲ್ಲಿ ಹಾರ್ಮೋನ್ ಹಿಡಿಯುವ ಪ್ರೋಟೀನ್‌ಗಳಿವೆಯಾ), ಹರ್2 (ಆ ಹೆಸರಿನ ಪ್ರೋಟೀನ್ ಹೆಚ್ಚಿದೆಯಾ) ಎಂದು ಬರೆದಿರುತ್ತದೆ. ಅದೂ ಅಷ್ಟೇ ಮುಖ್ಯ.

ಈಗ ನೆಂಟರ ಮಾತು. ಮೈಯಲ್ಲಿ ನೂರಾರು ದುಗ್ಧಗ್ರಂಥಿಗಳಿವೆ, ಕುತ್ತಿಗೆ, ಎದೆ, ಹೊಟ್ಟೆ, ತೊಡೆಸಂದು ಎಲ್ಲ ಕಡೆ. ಗುಲ್ಮ (ಸ್ಪ್ಲೀನ್) ಇದೆ, ಮೂಳೆಯ ಮಜ್ಜೆ ಇದೆ. ಕೊಟ್ಟಿಗೆಹಾರದ ಚೆಕ್‌ಪೋಸ್ಟ್ ತೆಗೆದರೆ ಇಡೀ ಜಿಲ್ಲೆಯ ಕಾವಲು ಹೋಗುತ್ತದಾ? 16 ಗ್ರಂಥಿ ಹೋದರೆ ಇಡೀ ಮೈಯ ಶಕ್ತಿ ಹೋಗುವುದಿಲ್ಲ. ಕಾವಲು ಕಡಿಮೆಯಾಗುವುದು ಆ ಒಂದು ಕೈಗೆ ಮಾತ್ರ.

ಹಾಗಾದರೆ ಈಗ ಶಕ್ತಿ ಕುಂದುವುದು ಯಾವುದರಿಂದ? ಕೀಮೋದಿಂದ. ಸಾಮಾನ್ಯವಾಗಿ ಔಷಧಿ ಕೊಟ್ಟ ಒಂದರಿಂದ ಎರಡು ವಾರದೊಳಗೆ ಬಿಳಿ ರಕ್ತಕಣ ತೀರಾ ಇಳಿಯುತ್ತದೆ. ಆಗ ಬರುವ ಜ್ವರದ ಬಗ್ಗೆ ಎಷ್ಟು ಸಲ ಹೇಳಿದರೂ ನನಗೆ ಸಾಲದು. ಮನೆಯಲ್ಲಿ ಥರ್ಮಾಮೀಟರ್ ಇಟ್ಟುಕೊಳ್ಳಿ. 100.4 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿದರೆ ನಡುರಾತ್ರಿಯಾದರೂ ಸರಿ, ಆಗಲೇ ಆಸ್ಪತ್ರೆಗೆ ಹೊರಡಿ. ಡೋಲೋ ಕೊಟ್ಟು, ಬೆಳಗಾಗಲಿ ನೋಡೋಣ ಅಂತ ಕಾಯಬೇಡಿ. ಮಾತ್ರೆಗೆ ಜ್ವರ ಇಳಿಯುತ್ತದೆ, ಸೋಂಕು ಒಳಗೇ ಏರುತ್ತದೆ. ಕೆಲವೇ ಗಂಟೆಗಳಲ್ಲಿ ಜೀವಕ್ಕೆ ಅಪಾಯ ಆಗಬಹುದು. ತೋಟದ ಲೈನ್ ಮನೆಯಲ್ಲಿದ್ದರೆ ಯಾರ ಗಾಡಿ, ಯಾರ ಫೋನ್ ನಂಬರ್ ಎಂದು ಇವತ್ತೇ ಗೊತ್ತು ಮಾಡಿಕೊಳ್ಳಿ. ಮಲೆನಾಡಿನ ಮಳೆಯ ರಾತ್ರಿಯಲ್ಲಿ ಗಾಡಿ ಹುಡುಕುವುದು ಎಷ್ಟು ಕಷ್ಟ ಅಂತ ನಿಮಗೇ ಗೊತ್ತಲ್ವಾ.

ಅಮೃತಬಳ್ಳಿ ಕಷಾಯ ನಿಲ್ಲಿಸಿ. ನೀವು ಪ್ರೀತಿಯಿಂದಲೇ ಕೊಡುತ್ತಿದ್ದೀರಿ, ಗೊತ್ತು. ಕೊರೊನಾ ಕಾಲದಲ್ಲಿ ಇದನ್ನು ಕುಡಿದು ಲಿವರ್‌ಗೆ ಪೆಟ್ಟಾದವರ ಬಗ್ಗೆ ಮುಂಬೈನ ವೈದ್ಯರು 2021ರಲ್ಲಿ ವರದಿ ಮಾಡಿದ್ದಾರೆ. ಕೀಮೋದ ಹಲವು ಔಷಧಿಗಳನ್ನು ಕರಗಿಸಬೇಕಾದ್ದೂ ಅದೇ ಲಿವರ್. ಅದರ ಮೇಲೆ ಇನ್ನೊಂದು ಹೊರೆ ಯಾಕೆ? ಮೊಟ್ಟೆ, ಬೇಳೆ, ಚೆನ್ನಾಗಿ ಬೇಯಿಸಿದ ಊಟ ಕೊಡಿ. ಬೇರೆ ಯಾವ ಪುಡಿ, ಲೇಹ್ಯವಿದ್ದರೂ ಕ್ಯಾನ್ಸರ್ ವೈದ್ಯರಿಗೆ ತೋರಿಸಿಯೇ ಕೊಡಿ.

ತೋಟದ ಕೆಲಸ ಕೀಮೋ, ರೇಡಿಯೇಷನ್ ಮುಗಿಯುವ ತನಕ ಬೇಡ. ಆಮೇಲೆ ವೈದ್ಯರನ್ನು ಕೇಳಿ ಹೋಗಬಹುದು. ಆ ಕೈಯನ್ನು ಸುಮ್ನೆ ಕಟ್ಟಿಹಾಕಿದಂತೆ ಇಟ್ಟುಕೊಳ್ಳುವುದು ತಪ್ಪು, ಭುಜ ಹಿಡಿದುಕೊಳ್ಳುತ್ತದೆ. ಗ್ರಂಥಿಗಳನ್ನು ಪೂರ್ತಿ ತೆಗೆದವರಲ್ಲಿ ಸುಮಾರು ಐವರಲ್ಲಿ ಒಬ್ಬರಿಗೆ ಕೈ ಬಾವು ಬರುತ್ತದೆ. ಭಾರವನ್ನೇ ಎತ್ತಬಾರದು ಎಂದು ಹಿಂದೆ ಹೇಳುತ್ತಿದ್ದೆವು. ಸ್ವಲ್ಪ ಸ್ವಲ್ಪವಾಗಿ ಭಾರ ಹೆಚ್ಚಿಸುತ್ತಾ ಹೋದರೆ ಬಾವು ಜಾಸ್ತಿಯಾಗುವುದಿಲ್ಲ ಎಂದು 2009ರ ಒಂದು ಅಧ್ಯಯನ ತೋರಿಸಿತು. ಹಾಗಾಗಿ ಹಣ್ಣು ಕೊಯ್ಯಲಿ, ಮೂಟೆ ಹೊರುವ ಆತುರ ಬೇಡ. ತುಂಬು ತೋಳಿನ ಅಂಗಿ, ಕೈಗವಸು ಇರಲಿ. ಮುಳ್ಳು ಗೀರಿದರೆ, ಜಿಗಣೆ ಕಚ್ಚಿದರೆ ಸೋಪು ನೀರಿನಲ್ಲಿ ತೊಳೆದು ಆಂಟಿಸೆಪ್ಟಿಕ್ ಹಚ್ಚಿ. ಕೈ ಕೆಂಪಾಗಿ ಬಿಸಿಯಾದರೆ ಅವತ್ತೇ ಡಾಕ್ಟರ್ ಹತ್ತಿರ ಹೋಗಬೇಕು.

ಪ್ರಶ್ನೆ: ಕಳೆ ಕೀಳುವಾಗ ಹೆಂಡತಿಯ ಬೆರಳಿಗೆ ಮುಳ್ಳು ಚುಚ್ಚಿ ಕೀವಾಯಿತು. ಈಗ ಕಂಕುಳಿನಲ್ಲಿ ನೋಯುವ ಗಂಟು. ಕ್ಯಾನ್ಸರ್ ಇರಬಹುದಾ?
– ಓದುಗರು, ಸಕಲೇಶಪುರ

ಉತ್ತರ: ಬೆರಳಿನ ಸೋಂಕಿಗೆ ಗ್ರಂಥಿ ಊದಿಕೊಂಡಿರುವ ಸಾಧ್ಯತೆಯೇ ಹೆಚ್ಚು. ಮೊದಲು ಬೆರಳಿಗೆ ಚಿಕಿತ್ಸೆ ಮಾಡಿಸಿ. ಮೂರ್ನಾಲ್ಕು ವಾರವಾದರೂ ಗಂಟು ಇಳಿಯದಿದ್ದರೆ, ಅಥವಾ ನೋವಿಲ್ಲದೆ ಗಟ್ಟಿಯಾಗಿ ಬೆಳೆಯುತ್ತಿದ್ದರೆ ಸ್ತನ ಮತ್ತು ಕಂಕುಳು ಎರಡರ ಸ್ಕ್ಯಾನಿಂಗ್ ಮಾಡಿಸಿ. ಸ್ತನದಲ್ಲಿ ಗಂಟು ಸಿಕ್ಕರೆ ಇಷ್ಟು ದಿನವೂ ಕಾಯಬೇಡಿ. ಗ್ರಂಥಿಗೆ ಸೂಜಿ ಹಾಕಿ ಪರೀಕ್ಷೆ ಮಾಡಬೇಕು ಎಂದರೆ ಒಪ್ಪಿಕೊಳ್ಳಿ. ಸೂಜಿ ತಾಗಿದರೆ ಕ್ಯಾನ್ಸರ್ ಹರಡುತ್ತದೆ ಎಂಬ ಭಯದಲ್ಲಿ ತಿಂಗಳುಗಟ್ಟಲೆ ತಡ ಮಾಡಿ ಬರುವವರನ್ನು ನೋಡಿದಾಗ ನನಗೆ ತುಂಬಾ ಸಂಕಟವಾಗುತ್ತದೆ.