ನೀಕ್ಯಾಪ್ ಆಮೇಲೆ, ಮೊದಲು ಆ ಸೀಟಿ ಕೆಳಗಿಡು

ತಮ್ಮಾ, ಎಸಿಎಲ್ (ಮಂಡಿಯೊಳಗಿನ ಲಿಗಮೆಂಟ್) ಆಪರೇಷನ್ ಆಗಿ ಮೂರು ತಿಂಗಳು, ನಡೆಯೋಕೆ ತೊಂದರೆ ಇಲ್ಲ, ಭಾನುವಾರದ ಹೊನಲು ಬೆಳಕಿನ ಕಬಡ್ಡಿಗೆ ಅಂಪೈರ್ ಆಗಿ ನಿಲ್ತೀನಿ, ಯಾವ ನೀಕ್ಯಾಪ್ ತಗೊಳ್ಳಲಿ ಅಂತ ಕೇಳಿದ್ದೀಯ. ನಾನೂ ಮಾಡಿ ಅನುಭವಿಸಿದ ತಪ್ಪೇ ಇದು. ನಿಲ್ಲಬೇಡ.

ಆಡೋದಲ್ಲವಲ್ಲ, ಬರೀ ನಿಲ್ಲೋದು ತಾನೆ ಅಂದ್ಕೊಂಡಿದ್ದೀಯ. ಅಂಪೈರ್ ಎಲ್ಲಪ್ಪಾ ನಿಲ್ತಾನೆ? ರೈಡರ್ ಜೊತೆ ಅಡ್ಡಡ್ಡ ಹೆಜ್ಜೆ ಹಾಕ್ತಾನೆ, ಬೋನಸ್ ಲೈನಲ್ಲಿ ಹಿಂದಿನ ಕಾಲು ಎದ್ದಿತ್ತಾ ಅಂತ ಬಗ್ಗಿ ನೋಡ್ತಾನೆ, ನಾಲ್ಕು ಜನ ಗುಡ್ಡೆ ಬಿದ್ದು ಲಾಬಿ (ಅಂಕಣದ ಪಕ್ಕದ ಪಟ್ಟಿ) ದಾಟಿ ಉರುಳಿ ಬಂದರೆ ಹಿಂದಕ್ಕೆ ಜಿಗೀತಾನೆ. ಆ ಒಂದು ಜಿಗಿತ ಸಾಕು. ಮೂರನೇ ತಿಂಗಳಿಗೆ ನೋವು ಹೋಗಿರುತ್ತೆ, ಹೊಸ ಲಿಗಮೆಂಟಿಗೆ ಗಟ್ಟಿತನ ಬಂದಿರಲ್ಲ. ಒಂಬತ್ತು ತಿಂಗಳ ಮುಂಚೆ ಅಂಕಣ ಬೇಡ ಅನ್ನೋದು ಅದಕ್ಕೇ. ಆಗಲೂ ತೊಡೆಯ ಬಲ ಇನ್ನೊಂದು ಕಾಲಿನ ಶೇ. 90 ಆದರೂ ಇರಬೇಕು. ಮಂಡಿಯೊಳಗಿನ ಮೆತ್ತೆ ಮೆನಿಸ್ಕಸ್‌ಗೂ ಹೊಲಿಗೆ ಹಾಕಿದ್ದರೆ ಲೆಕ್ಕವೇ ಬೇರೆ, ಫಿಸಿಯೋನ ಕೇಳು.

ಟೈನರ್ ಆಗಲಿ ಇನ್ಯಾವುದೇ ಆಗಲಿ, ಬಟ್ಟೆ ನೀಕ್ಯಾಪು ಮಂಡಿ ಬೆಚ್ಚಗಿಡುತ್ತೆ, ಧೈರ್ಯ ಕೊಡುತ್ತೆ, ಅಷ್ಟೇ. ಆ ಧೈರ್ಯವೇ ಅಪಾಯ. ನೋವಿನ ಸ್ಪ್ರೇ ಹೊಡ್ಕೊಂಡು ಇಳಿಯೋರಿಗೂ ಇದೇ ಮಾತು.

ನೀನು ಅಸಿಸ್ಟೆಂಟ್ ಸ್ಕೋರರ್ ಆಗಿ ಕೂರು. ಊರ ಟೂರ್ನಮೆಂಟಲ್ಲಿ ಜಗಳ ಹತ್ತೋದೇ ಅಲ್ಲಿ. ಔಟಾದವರನ್ನ ಔಟಾದ ಕ್ರಮದಲ್ಲೇ ಕೂರಿಸಬೇಕು, ಅದೇ ಕ್ರಮದಲ್ಲಿ ಒಳಗೆ ಕಳಿಸಬೇಕು. ಬೋನಸ್ ಪಾಯಿಂಟಿಗೆ ರಿವೈವಲ್ ಇಲ್ಲ, ಅಂದರೆ ಔಟಾದವನು ಒಳಗೆ ಬರಲ್ಲ. ಸೂಪರ್ ಟ್ಯಾಕಲ್‌ಗೆ (ಮೂರು ಅಥವಾ ಅದಕ್ಕೂ ಕಡಿಮೆ ಜನ ಇದ್ದು ರೈಡರನ್ನ ಹಿಡಿದರೆ) ಎರಡು ಪಾಯಿಂಟ್ ಬಂದರೂ ಒಳಗೆ ಹೋಗೋದು ಒಬ್ಬನೇ. ಲೋನಾ ಆದ ಕೂಡಲೇ, ಅಂದರೆ ಇಡೀ ತಂಡ ಔಟಾಗಿ ಎಲ್ಲರೂ ಮತ್ತೆ ಒಳಗೆ ಬಂದಾಗ, ಹಳೇ ಪಟ್ಟಿಗೆ ಅಡ್ಡಗೆರೆ ಎಳಿ, ಇಲ್ಲದಿದ್ದರೆ ಹೊಸ ಔಟುಗಳು ಅದರಲ್ಲೇ ಸೇರಿಕೊಂಡು ತಪ್ಪಾದವನು ಒಳಗೆ ಹೋಗ್ತಾನೆ.

ನಿಮ್ಮ ತಂಡದ ಮ್ಯಾಚಲ್ಲಿ ಆ ಕುರ್ಚಿ ಬೇಡ, ಪಕ್ಷಪಾತ ಅಂತಾರೆ. ಅವತ್ತು ನೋಟ್‌ಬುಕ್ ಹಿಡ್ಕೊಂಡು ಬೆಂಚಲ್ಲಿ ಕೂರು. ಒಂದು ರೈಡಿಗೆ ಒಂದೇ ಸಾಲು: ರೈಡ್ ನಂಬರ್, ಚೆಸ್ಟ್ ನಂಬರ್, ಎದುರು ಎಷ್ಟು ಜನ, ಯಾವ ಕಡೆ ಹೋದ, ಏನಾಯ್ತು. ‘14 – 7 – 6 – ಎ – ಬೋ’ ಅಂದರೆ ಹದಿನಾಲ್ಕನೇ ರೈಡು, ಏಳನೇ ನಂಬರಿನವನು, ಆರು ಜನರ ಎದುರು, ಎಡಕ್ಕೆ ಹೋಗಿ ಬೋನಸ್. ಖಾಲಿ ರೈಡಿಗೆ ಚುಕ್ಕಿ ಇಡು; ಒಂದೇ ತಂಡಕ್ಕೆ ಸಾಲಾಗಿ ಎರಡು ಚುಕ್ಕಿ ಬಿದ್ದರೆ ಮುಂದಿನದು ಡೂ ಆರ್ ಡೈ, ಪಾಯಿಂಟ್ ತರದಿದ್ದರೆ ರೈಡರ್ ಔಟ್; ಆಗ ಯಾರನ್ನ ಕಳಿಸ್ತಾರೆ ಅನ್ನೋದನ್ನ ಬೇರೆ ಪುಟದಲ್ಲಿ ಬರಿ. ಎಡ-ಬಲ ಯಾವಾಗಲೂ ಡಿಫೆಂಡರ್ ಕಣ್ಣಿಂದ. ಬೆಂಚಿಂದ ಕಂಡ ಹಾಗೆ ಬರೆದರೆ ಹಾಫ್‌ಟೈಮಲ್ಲಿ ಅಂಕಣ ಬದಲಾದಾಗ ಪೂರ್ತಿ ಉಲ್ಟಾ ಆಗುತ್ತೆ, ಎಲ್ಲರೂ ಎಡವೋದು ಇಲ್ಲೇ. ಒಂದು ಮ್ಯಾಚಿಗೆ ಹತ್ತಿರ ಹತ್ತಿರ 80 ಸಾಲು ಆಗುತ್ತೆ, ಎರಡು ಪೆನ್ನು ಇಟ್ಕೋ. ಹಾಫ್‌ಟೈಮಿನ ಐದು ನಿಮಿಷದಲ್ಲಿ ಕ್ಯಾಪ್ಟನ್‌ಗೆ ಒಂದೇ ಮಾತು ಹೇಳು: ‘ಏಳನೇ ನಂಬರು ಬೋನಸ್‌ಗೆ ನಮ್ಮ ಲೆಫ್ಟ್ ಕಾರ್ನರ್ ಕಡೆಗೇ ಬರ್ತಾನೆ.’ ಹತ್ತು ಹೇಳಿದರೆ ಒಂದೂ ಕೇಳಲ್ಲ. ಕೋಚ್ ಬಿ.ಸಿ. ರಮೇಶ್ ಪ್ರೊ ಕಬಡ್ಡಿಯಲ್ಲಿ ಬೆಂಗಾಲ್ ವಾರಿಯರ್ಸ್‌ಗೆ 2019ರಲ್ಲಿ, ಪುಣೇರಿ ಪಲ್ಟನ್‌ಗೆ 2024ರಲ್ಲಿ ಕಪ್ ಗೆಲ್ಲಿಸಿಕೊಟ್ಟದ್ದು ಗೆರೆಯ ಹೊರಗೆ ಕೂತೇ. ಕೂರೋದಕ್ಕೆ ನಾಚಿಕೆ ಯಾಕೆ?

ಕೂರೋಕೂ ಕ್ರಮ ಇದೆ. ಹಿಮ್ಮಡಿ ಸ್ಟೂಲ್ ಮೇಲೆ, ಮಂಡಿ ನೇರ. ಮಂಡಿ ಕೆಳಗೆ ದಿಂಬು ಇಡಲೇಬೇಡ, ಕಾಲು ಪೂರ್ತಿ ನೇರ ಆಗೋದೇ ನಿಂತುಹೋಗುತ್ತೆ. ಮ್ಯಾಚ್ ನಡುವೆ ತೊಡೆ ಬಿಗಿ ಹಿಡಿದು ಐದು ಸೆಕೆಂಡ್, ಹತ್ತು ಸಲ. ಹೊರಡೋ ಮುಂಚೆ ಮಂಡಿಚಿಪ್ಪಿನ ಮೇಲಂಚಿಗೆ ಟೈಲರ್ ಟೇಪ್ ಸುತ್ತಿ ಅಳತೆ ಬರೆದಿಡು. ಮಾರನೇ ಬೆಳಿಗ್ಗೆ ಒಂದು ಸೆಂಟಿಮೀಟರ್ ಜಾಸ್ತಿ ಇದ್ದರೆ ಆ ವಾರ ಮತ್ತೆ ಹೋಗಬೇಡ. ಹುಡುಗರಿಗೆ ಆಂಕಲ್ ಹೋಲ್ಡ್ ತೋರಿಸ್ತೀನಿ ಅಂತ ಎದ್ದೀಯ, ಬಾಯಲ್ಲಿ ಹೇಳು ಸಾಕು.

ಸೀಟಿ ಬೇಕೇ ಬೇಕು ಅಂದರೆ ಪ್ರಾಕ್ಟೀಸಲ್ಲಿ ಕೂತ್ಕೊಂಡು ಊದು. ಫಾಕ್ಸ್ 40 ತಗೋ, ಒಳಗೆ ಗೋಲಿ ಇಲ್ಲ, ಉಗುಳಿಗೆ ಕಟ್ಟಿಕೊಳ್ಳಲ್ಲ. ಸ್ಟಾಪ್‌ವಾಚ್ ಫೋನಲ್ಲಿ ಬೇಡ, ರೈಡಿನ 30 ಸೆಕೆಂಡ್ ಎಣಿಸೋವಾಗಲೇ ಕರೆ ಬರುತ್ತೆ.

ಭಾನುವಾರ ಹೋದ ಕೂಡಲೇ ಟೇಬಲ್ ನೋಡು. ಗೆರೆಗೆ ಅಂಟಿಸಿ ಹಾಕಿದ್ದರೆ ಎರಡು ಮೀಟರ್ ಹಿಂದಕ್ಕೆ ಹಾಕಿಸು, ಮೈಕಿನ ವೈರು ಕಾಲಿಗೆ ಸಿಗದ ಕಡೆ ಕುರ್ಚಿ ಎಳ್ಕೋ.