ಸರ್ವರ್‌ನ ಡಿಸ್ಕ್ ಕೈಕೊಡುವ ಮೊದಲೇ ಎಚ್ಚರಿಕೆ ಬರುವಂತೆ ಮಾಡೋದು ಹೇಗೆ?

ಆಫೀಸಿನ ಲಿನಕ್ಸ್ ಸರ್ವರ್‌ನಲ್ಲಿ ನಾಲ್ಕು ಡಿಸ್ಕ್‌ಗಳ ರೇಡ್ 5 (ಒಂದು ಡಿಸ್ಕ್ ಹೋದರೂ ಡೇಟಾ ಉಳಿಯುವಂತೆ ಡಿಸ್ಕ್‌ಗಳನ್ನು ಜೋಡಿಸುವ ವಿಧಾನ) ಇದೆ, ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ತಾನೇ ಕೊಡುವ ಸ್ಮಾರ್ಟ್ ವರದಿಯಲ್ಲಿ "ಪಾಸ್ಡ್" ಅಂತಲೇ ಬರುತ್ತಿದೆ, ಇಷ್ಟು ಸಾಕಾ ಅಂತ ಕೇಳಿದ್ದೀರಿ. ಸಾಲದು. "ಪಾಸ್ಡ್" ಅಂದರೆ ತಯಾರಕರು ಇಟ್ಟ ಮಿತಿ ಇನ್ನೂ ದಾಟಿಲ್ಲ ಅಂತ, ಅಷ್ಟೇ. ಆ ಮಿತಿ ತುಂಬಾ ಸಡಿಲ.

ಈ ವರದಿಗಳನ್ನು ಓದುವ ಸ್ಮಾರ್ಟ್‌ಮಾನ್‌ಟೂಲ್ಸ್ ಎಂಬ ತಂತ್ರಾಂಶ ಹಾಕಿಕೊಳ್ಳಿ. ಅದರ ಜೊತೆ ಬರುವ, ಹಿನ್ನೆಲೆಯಲ್ಲಿ ಸದಾ ಓಡುವ ಸ್ಮಾರ್ಟ್‌ಡಿ, ಬೇರೆ ಏನೂ ಹೇಳದಿದ್ದರೆ, 30 ನಿಮಿಷಕ್ಕೊಮ್ಮೆ ಡಿಸ್ಕ್‌ಗಳನ್ನು ವಿಚಾರಿಸುತ್ತದೆ. ಸ್ಮಾರ್ಟ್ ವರದಿಯ ಪ್ರತಿ ಅಂಕಿಗೂ ಒಂದು ಸಂಖ್ಯೆ ಇರುತ್ತದೆ; ನಾನು ಜಾಸ್ತಿ ಗಮನ ಕೊಡೋದು 5, 197, 198 ಈ ಮೂರು ಅಂಕಿಗಳ ಕಡೆಗೆ. 197 ಅಂದರೆ ಓದಲು ಹೋಗಿ ಆಗದೆ, ಏನು ಮಾಡೋದು ಅಂತ ಡಿಸ್ಕ್ ಇನ್ನೂ ತೀರ್ಮಾನಿಸದ ಸೆಕ್ಟರ್‌ಗಳು (ಡಿಸ್ಕ್‌ನ ಚಿಕ್ಕ ಚಿಕ್ಕ ತುಂಡುಗಳು). 198 ಅಂದರೆ ಪರೀಕ್ಷೆಯಲ್ಲೂ ಓದಲಾಗದೆ ಉಳಿದವು. 5 ಅಂದರೆ ಕೈಬಿಟ್ಟು ಬೇರೆ ಜಾಗಕ್ಕೆ ಸಾಗಿಸಿದ್ದು. ಇಲ್ಲೊಂದು ವಿಷಯ ಹಲವರಿಗೆ ಗೊತ್ತಿರುವುದಿಲ್ಲ: ಮಾಮೂಲಿ ಸೆಟ್ಟಿಂಗ್‌ನಲ್ಲಿ 197, 198 ಕಾಣಿಸಿಕೊಂಡರೆ ಮೇಲ್ ಬರುತ್ತದೆ, 5 ಏರಿದರೆ ಮೇಲ್ ಬರುವುದಿಲ್ಲ. ಅದಕ್ಕೂ ಮೇಲ್ ಬೇಕೆಂದರೆ ಸ್ಮಾರ್ಟ್‌ಡಿ ಸೆಟ್ಟಿಂಗ್‌ನಲ್ಲಿ ದೊಡ್ಡಕ್ಷರದ ಆರ್ ಆಪ್ಷನ್‌ಗೆ 5 ಕೊಟ್ಟು, ಪಕ್ಕದಲ್ಲೇ ಆಶ್ಚರ್ಯಸೂಚಕ ಚಿಹ್ನೆ ಹಾಕಬೇಕು. ಆದರೆ 199 (ಡಿಸ್ಕ್‌ಗೂ ಸರ್ವರ್‌ಗೂ ನಡುವೆ ಡೇಟಾ ಸಾಗುವಾಗ ಆದ ತಪ್ಪುಗಳ ಎಣಿಕೆ) ಏರಿದರೆ ಡಿಸ್ಕ್ ಬಿಸಾಡಬೇಡಿ, ಮೊದಲು ಕೇಬಲ್ ಬದಲಿಸಿ ನೋಡಿ.

ದಿನಾ ರಾತ್ರಿ ಡಿಸ್ಕ್ ತನ್ನನ್ನು ತಾನೇ ಪರೀಕ್ಷಿಸಿಕೊಳ್ಳುವ ಶಾರ್ಟ್ ಟೆಸ್ಟ್, ಶನಿವಾರ ರಾತ್ರಿ ಇಡೀ ಡಿಸ್ಕ್ ಓದಿ ನೋಡುವ ಲಾಂಗ್ ಟೆಸ್ಟ್ ಇಡಿ. ವರ್ಷಗಟ್ಟಲೆ ಯಾರೂ ಮುಟ್ಟದ ಫೈಲ್ ಇರುವ ಜಾಗ ಕೆಟ್ಟಿದ್ದರೆ, ಓದುವವರೆಗೆ ಗೊತ್ತೇ ಆಗೋದಿಲ್ಲ ಅಲ್ವಾ? ಇನ್ನೊಂದು ಡಿಸ್ಕ್ ಹೋಗಿ ರೀಬಿಲ್ಡ್ (ಉಳಿದ ಡಿಸ್ಕ್‌ಗಳನ್ನು ಓದಿ ಹೋದ ಡೇಟಾವನ್ನು ಹೊಸ ಡಿಸ್ಕ್‌ಗೆ ಮತ್ತೆ ಕಟ್ಟೋದು) ಶುರುವಾದಾಗ ಅದು ಹೊರಬರುತ್ತದೆ. ಆಗ ತಡವಾಗಿರುತ್ತದೆ.

ಇಷ್ಟೆಲ್ಲ ಮಾಡಿಯೂ ಎಚ್ಚರಿಕೆ ಯಾರ ಕಣ್ಣಿಗೂ ಬೀಳದೆ ಹೋಗಬಹುದು. ಹಿಂದೆ ಒಂದು ಕಡೆಯಿಂದ ಭಾನುವಾರ ಬೆಳಿಗ್ಗೆ ಫೋನ್ ಬಂತು, ಯಾವ ಫೈಲೂ ತೆರೆಯುತ್ತಿಲ್ಲ ಅಂತ. ಹೋಗಿ ನೋಡಿದರೆ ಎರಡು ಡಿಸ್ಕ್ ಹೋಗಿದ್ದವು. ರೇಡ್ 5 ಒಂದನ್ನು ತಡೆದುಕೊಳ್ಳುತ್ತದೆ, ಎರಡನ್ನಲ್ಲ. ಮೊದಲನೆಯದು ಯಾವಾಗ ಹೋಯಿತು ಅಂತ ಹುಡುಕುತ್ತಾ ಅದೇ ಸರ್ವರ್‌ನಲ್ಲಿದ್ದ ರೂಟ್ (ಮುಖ್ಯ ನಿರ್ವಾಹಕರ) ಖಾತೆಯ ಮೇಲ್ ತೆರೆದೆ. ಒಂದರ ಕೆಳಗೊಂದು, ದಿನಕ್ಕೊಂದರಂತೆ 76 ಮೇಲ್‌ಗಳು. ಎಲ್ಲದರ ತಲೆಬರಹವೂ ಒಂದೇ, "ಡಿಗ್ರೇಡೆಡ್ ಅರೇ", ಅಂದರೆ ರೇಡ್‌ನಲ್ಲಿ ಡಿಸ್ಕ್ ಹೋಗಿದೆ ಅಂತ. ಎರಡೂವರೆ ತಿಂಗಳು ಆ ಮಷೀನ್ ತನಗೆ ತಾನೇ ಹೇಳಿಕೊಂಡಿತ್ತು. ಅವರ ಲೆಕ್ಕಪತ್ರಗಳಲ್ಲಿ ಅರ್ಧದಷ್ಟು ವಾಪಸ್ ಸಿಗಲಿಲ್ಲ. ಅದು ಈಗಲೂ ನನಗೆ ನೋವಿನ ವಿಷಯ.

ಆದ್ದರಿಂದ ಮೇಲ್ ಆ ಸರ್ವರ್‌ನಿಂದ ಹೊರಗೆ ಹೋಗಲಿ, ನೀವು ಫೋನ್‌ನಲ್ಲಿ ದಿನವೂ ನೋಡುವ ವಿಳಾಸಕ್ಕೇ ಬರಲಿ. ಲಿನಕ್ಸ್‌ನಲ್ಲಿ ರೇಡ್ ನೋಡಿಕೊಳ್ಳುವ ಎಂಡಿಎಡಿಎಂ ಸೆಟ್ಟಿಂಗ್‌ನಲ್ಲೂ ಅದೇ ವಿಳಾಸ ಹಾಕಿ. ಹಾರ್ಡ್‌ವೇರ್ ರೇಡ್ ಕಾರ್ಡ್ ಇದ್ದರೆ ಡಿಸ್ಕ್‌ಗಳು ಅದರ ಹಿಂದೆ ಅಡಗಿರುತ್ತವೆ. ಮೆಗಾರೇಡ್ ಥರದ ಕಾರ್ಡ್‌ಗಳಿಗೆ ಸ್ಮಾರ್ಟ್‌ಮಾನ್‌ಟೂಲ್ಸ್‌ನಲ್ಲೇ ಪ್ರತ್ಯೇಕ ಆಪ್ಷನ್ ಇದೆ. ವಾರಕ್ಕೊಮ್ಮೆ "ಎಲ್ಲ ಸರಿಯಾಗಿದೆ" ಅಂತಲೂ ಒಂದು ಮೇಲ್ ಬರುವಂತೆ ಮಾಡಿ. ಸೋಮವಾರ ಅದು ಬರಲಿಲ್ಲ ಅಂದರೆ ಎದ್ದು ಹೋಗಿ ನೋಡಿ.

ಬ್ಯಾಕಪ್ ಅಂತೂ ಬೇಕೇ ಬೇಕು. ಗೂಗಲ್‌ನವರು 2007ರಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಡಿಸ್ಕ್‌ಗಳ ಅಧ್ಯಯನ ಪ್ರಕಟಿಸಿದರು. ಕೆಟ್ಟುಹೋದವುಗಳಲ್ಲಿ ಅರ್ಧಕ್ಕಿಂತ ಜಾಸ್ತಿ, ಮುಖ್ಯವಾದ ನಾಲ್ಕು ಸ್ಮಾರ್ಟ್ ಅಂಕಿಗಳಲ್ಲಿ ಯಾವ ಸುಳಿವನ್ನೂ ಕೊಟ್ಟಿರಲಿಲ್ಲ.

ಇವತ್ತೇ ಸ್ಮಾರ್ಟ್‌ಡಿ ಸೆಟ್ಟಿಂಗ್‌ನಲ್ಲಿ ದೊಡ್ಡಕ್ಷರದ ಎಂ ಆಪ್ಷನ್‌ಗೆ "ಟೆಸ್ಟ್" ಅಂತ ಕೊಟ್ಟು ರೀಸ್ಟಾರ್ಟ್ ಮಾಡಿ. ಡಿಸ್ಕ್‌ಗೊಂದರಂತೆ ನಾಲ್ಕು ಮೇಲ್ ಬರಬೇಕು. ಮೂರೇ ಬಂದರೆ ನಾಲ್ಕನೆಯದನ್ನು ಯಾರೂ ಕಾಯುತ್ತಿಲ್ಲ ಅಂತ ಅರ್ಥ.